ಗಂಟಲು ನೋವು: ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು

ಗಂಟಲು ಕೆರೆತ ಶುರುವಾದ ಕೂಡಲೇ ಮೆಡಿಕಲ್ ಸ್ಟೋರಿಗೆ ಹೋಗಿ ಅಜಿತ್ರೋಮೈಸಿನ್ ಅನ್ನುವ ಆ್ಯಂಟಿಬಯಾಟಿಕ್ ಕೇಳಿ ತಗೊಳ್ಳುವುದು ನಮ್ಮಲ್ಲಿ ರೂಢಿಯೇ ಆಗಿಬಿಟ್ಟಿದೆ. ದಯವಿಟ್ಟು ಹಾಗೆ ಮಾಡಬೇಡಿ. ಗಂಟಲು ನೋವು ಹೆಚ್ಚಾಗಿ ಬರುವುದು ವೈರಸ್‌ನಿಂದ, ಆ್ಯಂಟಿಬಯಾಟಿಕ್ ಅದನ್ನು ಏನೂ ಮಾಡುವುದಿಲ್ಲ. ಮೂಗು ಸೋರುತ್ತಿದೆ, ಕೆಮ್ಮಿದೆ, ದನಿ ಕಟ್ಟಿದೆ ಅಂದರೆ ಬಹುಮಟ್ಟಿಗೆ ವೈರಸ್ಸೇ. ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗಿ ಇಳಿಯುತ್ತದೆ. ನಡುವೆ ಮಾತ್ರೆ ನುಂಗಿದವರಿಗೆ ಅದರಿಂದಲೇ ವಾಸಿಯಾಯಿತು ಅನಿಸುತ್ತದೆ, ಮುಂದಿನ ಸಲವೂ ಅದನ್ನೇ ಕೇಳುತ್ತಾರೆ.

ಅಲ್ಲಿಯವರೆಗೆ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ. ನೋವು ಜಾಸ್ತಿ ಇದ್ದರೆ ಪ್ಯಾರಸಿಟಮಾಲ್ ಸಾಕು. ಜೇನುತುಪ್ಪ ಹಿತವಾಗಿರುತ್ತದೆ, ಆದರೆ ಒಂದು ವರ್ಷ ತುಂಬದ ಮಗುವಿಗೆ ನೆಕ್ಕಿಸಲೂ ಬೇಡಿ.

ನನಗೆ ನಿಜವಾಗಿ ಭಯ ಆಗುವುದು ಇದರ ಉಲ್ಟಾ ವಿಷಯಕ್ಕೆ. 5ರಿಂದ 15 ವರ್ಷದ ಮಕ್ಕಳಿಗೆ ಕೆಮ್ಮು, ನೆಗಡಿ ಏನೂ ಇಲ್ಲದೆ ಇದ್ದಕ್ಕಿದ್ದಂತೆ ಜ್ವರ, ನುಂಗಲಾಗದಷ್ಟು ನೋವು, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು, ಟಾನ್ಸಿಲ್ ಮೇಲೆ ಬಿಳಿ ಕಲೆ ಬಂದರೆ ಅದು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಇರಬಹುದು. ಇದನ್ನು ಬರೀ ಕಷಾಯದಲ್ಲಿ ಕಳೆಯಬಾರದು. ಯಾಕೆಂದರೆ ಈ ಬ್ಯಾಕ್ಟೀರಿಯಾದ ವಿರುದ್ಧ ಎದ್ದ ರೋಗನಿರೋಧಕ ಶಕ್ತಿ ಕೆಲವು ಮಕ್ಕಳಲ್ಲಿ ದಾರಿ ತಪ್ಪಿ ತಮ್ಮದೇ ಕೀಲು, ಹೃದಯದ ಮೇಲೆ ತಿರುಗಿಬೀಳುತ್ತದೆ. ಗಂಟಲು ವಾಸಿಯಾಗಿ ಎರಡು ಮೂರು ವಾರ ಆದ ಮೇಲೆ ಮಂಡಿ ಊದುತ್ತದೆ, ಅದು ಇಳಿಯುವಷ್ಟರಲ್ಲಿ ಕಣಕಾಲು ಊದುತ್ತದೆ. ಇದೇ ರುಮಾಟಿಕ್ ಜ್ವರ. ಕೀಲು ಸರಿಹೋಗುತ್ತದೆ, ಹೃದಯದ ಕವಾಟಕ್ಕೆ ಆದ ಗಾಯ ಎಷ್ಟೋ ಸಲ ಉಳಿದುಬಿಡುತ್ತದೆ. ಕೆಲವು ಹೆಣ್ಣುಮಕ್ಕಳಿಗೆ ಇದು ಗೊತ್ತಾಗುವುದೇ ಬಸಿರಿನಲ್ಲಿ ಉಸಿರು ಕಟ್ಟಿದಾಗ. ಒಮ್ಮೆ ಈ ಜ್ವರ ಬಂದರೆ, ಅದು ಮರುಕಳಿಸದಿರಲಿ ಅಂತ ಮೂರು ಇಲ್ಲವೇ ನಾಲ್ಕು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್, ಅದೂ ವರ್ಷಗಟ್ಟಲೆ.

ಇಷ್ಟೆಲ್ಲ ತಡೆಯುವುದು ಹಳೆಯ, ಅಗ್ಗದ ಔಷಧಿ: ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್, 10 ದಿನ. ನೋವು ಶುರುವಾದ 9 ದಿನದೊಳಗೆ ಕೊಟ್ಟರೂ ಹೃದಯ ಉಳಿಸಬಹುದು, ಹಾಗಾಗಿ ಡಾಕ್ಟರಿಗೆ ತೋರಿಸಿ, ಗಂಟಲಿನ ಸ್ವಾಬ್ ಪರೀಕ್ಷೆ ಬೇಕಾ ಅಂತ ಕೇಳುವುದಕ್ಕೆ ಸಮಯ ಇದ್ದೇ ಇರುತ್ತದೆ. ಮೂರನೇ ದಿನ ಮಗು ಆಡಲು ಶುರು ಮಾಡಿತು ಅಂತ ಮಾತ್ರ ನಿಲ್ಲಿಸಬೇಡಿ.

ಎಂಜಲು ನುಂಗಲಾಗದೆ ಜೊಲ್ಲು ಸುರಿಯುತ್ತಿದ್ದರೆ, ಬಾಯಿ ತೆರೆಯಲಾಗದಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.