ಟ್ಯಾಂಕ್ ಮಾಡೆಲ್, ಮೂರನೇ ವಾರ: ಹಳೆಯ ಕಾನ್ಫಿಗರ್ ಸ್ಕ್ರಿಪ್ಟ್ ಜೊತೆ ಗುದ್ದಾಟ

ಲ್ಯಾಪ್‌ಟಾಪಿನಲ್ಲಿ ನೀರಿನ ಟ್ಯಾಂಕಿನ ಮಾಡೆಲ್ (ಟ್ಯಾಂಕ್ ತುಂಬಿ ಖಾಲಿಯಾಗುವುದನ್ನು ಲೆಕ್ಕ ಹಾಕುವ ಪ್ರೋಗ್ರಾಂ) ಕಳೆದ ವಾರವೇ ಸರಿಯಾಗಿ ಓಡಿತ್ತು. ಕೆಳಗೆ ಸಂಪು, ಮೇಲೆ ಸಾವಿರ ಲೀಟರಿನ ಟ್ಯಾಂಕ್, ನಡುವೆ ಒಂದು ಮೋಟರ್. ಟ್ಯಾಂಕಿನ ಮಟ್ಟ ಇಳಿದಂತೆ ನಲ್ಲಿಯ ನೀರಿನ ವೇಗ ಆ ಮಟ್ಟದ ವರ್ಗಮೂಲಕ್ಕೆ ತಕ್ಕಂತೆ ತಗ್ಗುತ್ತದೆ. ಲೆಕ್ಕ ಇಷ್ಟೇ. ಇದನ್ನು ಎಫ್‌ಎಂಐ 3.0 (ಇಂಥ ಮಾಡೆಲ್‌ಗಳನ್ನು ಬೇರೆ ಬೇರೆ ಕಡೆ ಓಡಿಸಲು ಇರುವ ಸ್ಟ್ಯಾಂಡರ್ಡ್) ಪ್ರಕಾರ ಎಫ್‌ಎಂಯು ಮಾಡಿಟ್ಟಿದ್ದೇನೆ. ಅದೊಂದು ಜಿಪ್ ಫೈಲ್: ಒಳಗೆ ಮಾಡೆಲಿನ ವಿವರ ಇರುವ ಎಕ್ಸ್‌ಎಂಎಲ್, ಜೊತೆಗೆ ಒಂದೊಂದು ಬಗೆಯ ಯಂತ್ರಕ್ಕೆ ಒಂದೊಂದು ಬೈನರಿ, ಅಂದರೆ ಕಂಪೈಲ್ ಆದ ಕೋಡ್. ಈ ವಾರದ ಕೆಲಸ ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4ಕ್ಕೆ ಬೇಕಾದ ಬೈನರಿಯನ್ನು ಲ್ಯಾಪ್‌ಟಾಪಿನಲ್ಲೇ ಬಿಲ್ಡ್ ಮಾಡುವುದು.

ಸಮೀಕರಣ ಬಿಡಿಸಲು ಒಂದು ಹಳೆಯ ಸಿ ಲೈಬ್ರರಿ ಬಳಸುತ್ತಿದ್ದೇನೆ. ಅದರ ಕೋಡ್ ನನಗೆ ತುಂಬಾ ಇಷ್ಟ, ಎಲ್ಲಿ ತೆರೆದರೂ ಓದಿ ಅರ್ಥ ಮಾಡಿಕೊಳ್ಳಬಹುದು. ಆದರೆ ಅದರ ಜೊತೆ ಬಂದ ಕಾನ್ಫಿಗರ್ ಸ್ಕ್ರಿಪ್ಟ್ (ಯಂತ್ರವನ್ನು ಪರೀಕ್ಷಿಸಿ ಬಿಲ್ಡ್‌ಗೆ ಸಿದ್ಧ ಮಾಡುವುದು) 64 ಬಿಟ್ ಆರ್ಮ್, ಅಂದರೆ ಪೈನಲ್ಲಿರುವ ಬಗೆಯ ಪ್ರೊಸೆಸರ್, ಬರುವ ಮೊದಲಿನದು.

ಮೊದಲ ಎರರ್ ಬೇಗ ಬಗೆಹರಿಯಿತು. ‘ಎಆರ್ಚ್64’ (64 ಬಿಟ್ ಆರ್ಮ್‌ನ ಹೆಸರು) ಎಂಬ ಯಂತ್ರವೇ ಗೊತ್ತಿಲ್ಲ ಎಂದು, ಯಂತ್ರಗಳ ಹೆಸರು ಗುರುತಿಸುವ ಕಾನ್ಫಿಗ್.ಸಬ್ ಫೈಲ್ ನಿಂತುಬಿಟ್ಟಿತು. ಡೆಬಿಯನ್‌ನ ಆಟೋಟೂಲ್ಸ್-ಡೆವ್ ಪ್ಯಾಕೇಜಿನಿಂದ ಹೊಸ ಕಾನ್ಫಿಗ್.ಸಬ್, ಕಾನ್ಫಿಗ್.ಗೆಸ್ ಎರಡನ್ನೂ ಕಾಪಿ ಮಾಡಿದೆ. ಮುಂದಕ್ಕೆ ಹೋಯಿತು.

ಕಾಡಿದ್ದು ಎರಡನೆಯದು. ಬಿಲ್ಡ್ ಒಂದೂ ಎರರ್ ಇಲ್ಲದೆ ಮುಗಿಯಿತು. ಫೈಲ್ ಕಮಾಂಡ್ ಕೊಟ್ಟು ನೋಡಿದರೆ ಆರ್ಮ್ ಎಆರ್ಚ್64 ಎಂದೇ ಬಂತು. ಖುಷಿಯಿಂದ ಪೈಗೆ ಹಾಕಿದೆ. ಲೋಡ್ ಆಗುವಾಗಲೇ ಬಿತ್ತು: ‘ಆರ್‌ಪಿಎಲ್_ಮ್ಯಾಲಾಕ್’ ಎಂಬ ಸಿಂಬಲ್ (ಇಲ್ಲಿ, ಫಂಕ್ಷನ್ನಿನ ಹೆಸರು) ಇಲ್ಲವಂತೆ. ನಾನು ಆ ಹೆಸರನ್ನು ಎಲ್ಲೂ ಬರೆದಿಲ್ಲ. ಲೈಬ್ರರಿಯ ಸಿ ಫೈಲುಗಳಲ್ಲಿ ಹುಡುಕಿದರೂ ಸಿಗಲಿಲ್ಲ. ಎರಡು ಸಂಜೆ ಹೀಗೇ ಹೋಯಿತು. ಕೊನೆಗೆ ಬಿಲ್ಡ್ ಫೋಲ್ಡರಿನಲ್ಲಿ ಕಾನ್ಫಿಗರ್ ಬರೆದಿಟ್ಟ ಕಾನ್ಫಿಗ್.ಎಚ್ ತೆರೆದೆ. ಅಲ್ಲಿ ಒಂದೇ ಸಾಲು: ‘ಡಿಫೈನ್ ಮ್ಯಾಲಾಕ್ ಆರ್‌ಪಿಎಲ್_ಮ್ಯಾಲಾಕ್’.

ಮ್ಯಾಲಾಕ್ ಅಂದರೆ ಮೆಮೊರಿ ಕೇಳಿ ಪಡೆಯುವ ಸಿ ಫಂಕ್ಷನ್; ಆ ಸಾಲು ಅದರ ಹೆಸರನ್ನೇ ಬದಲಿಸುತ್ತದೆ. ಆಗಿದ್ದು ಇಷ್ಟು. ಕಾನ್ಫಿಗರ್ ಪುಟ್ಟ ಪುಟ್ಟ ಪ್ರೋಗ್ರಾಂ ಬರೆದು, ಓಡಿಸಿ, ಯಂತ್ರ ಹೇಗಿದೆ ಎಂದು ಪರೀಕ್ಷೆ ಮಾಡುತ್ತದೆ. ಸೊನ್ನೆ ಬೈಟ್ ಕೇಳಿದರೆ ಮ್ಯಾಲಾಕ್ ಏನು ಕೊಡುತ್ತದೆ ಎನ್ನುವುದು ಅಂಥ ಒಂದು ಪರೀಕ್ಷೆ. ಆರ್ಮ್‌ಗೆ ಕಂಪೈಲ್ ಆದ ಪ್ರೋಗ್ರಾಂ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಓಡುವುದಿಲ್ಲ ಅಲ್ವಾ, ಹಾಗಾಗಿ ಸ್ಕ್ರಿಪ್ಟ್ ಊಹೆ ಮಾಡಬೇಕು. ಹಳೆಯ ಸ್ಕ್ರಿಪ್ಟ್ ‘ನಲ್ (ಖಾಲಿ ವಿಳಾಸ) ಕೊಡುತ್ತದೆ’ ಎಂದು ಊಹಿಸಿ, ಎಲ್ಲ ಮ್ಯಾಲಾಕ್ ಕರೆಗಳನ್ನೂ ಬದಲಿ ಹೆಸರಿಗೆ ತಿರುಗಿಸಿತು. ಆ ಬದಲಿ ಫಂಕ್ಷನ್ ಈ ಲೈಬ್ರರಿಯಲ್ಲಿ ಇಲ್ಲವೇ ಇಲ್ಲ. ಷೇರ್ಡ್ ಲೈಬ್ರರಿ ಕಟ್ಟುವಾಗ, ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್ ಸಿಗದ ಸಿಂಬಲ್‌ಗಳನ್ನು ‘ಆಮೇಲೆ ಸಿಗುತ್ತದೆ’ ಎಂದು ಸುಮ್ನೆ ಬಿಟ್ಟುಬಿಡುತ್ತದೆ. ಅದಕ್ಕೇ ಬಿಲ್ಡ್‌ನಲ್ಲಿ ಸದ್ದೇ ಇರಲಿಲ್ಲ.

ಪೈ ಮೇಲೆ ಐದು ಸಾಲಿನ ಪ್ರೋಗ್ರಾಂ ಬರೆದು ನೋಡಿದೆ. ಮ್ಯಾಲಾಕ್ ಸರಿಯಾದ ವಿಳಾಸವನ್ನೇ ಕೊಟ್ಟಿತು. ಸದ್ಯಕ್ಕೆ ‘ಎಸಿ_ಸಿವಿ_ಫಂಕ್_ಮ್ಯಾಲಾಕ್_0_ನಾನ್‌ನಲ್’ಗೆ ‘ಯೆಸ್’ ಎಂದು ಪರೀಕ್ಷೆಯ ಉತ್ತರವನ್ನು ಕೈಯಾರೆ ಕೊಟ್ಟೆ, ರಿಅಲಾಕ್‌ಗೂ ಹಾಗೇ. ಆದರೆ ಇದು ತೇಪೆ. ಆರು ತಿಂಗಳು ಬಿಟ್ಟು ಬಿಲ್ಡ್ ಮಾಡುವಾಗ ನನಗೇ ನೆನಪಿರುವುದಿಲ್ಲ. ಹಾಗಾಗಿ ಭಾನುವಾರ ಪೂರ್ತಿ ಕೂತು, ಕಾನ್ಫಿಗರ್ ಸ್ಕ್ರಿಪ್ಟ್ ತಯಾರಿಸುವ ಆಟೋಕಾನ್ಫ್‌ನ ಹೊಸ ಆವೃತ್ತಿ ಹಾಕಿ ಸ್ಕ್ರಿಪ್ಟನ್ನೇ ಮತ್ತೆ ಹುಟ್ಟಿಸಿದೆ. ಹಳೆಯ ಮ್ಯಾಕ್ರೋಗಳ ಬಗ್ಗೆ ರಾಶಿ ವಾರ್ನಿಂಗ್ ಬಂದವು, ಒಂದೊಂದಾಗಿ ತಿದ್ದಿದೆ. ಹೊಸ ಸ್ಕ್ರಿಪ್ಟ್ ಗ್ನೂ ಲಿನಕ್ಸ್ ಕಂಡರೆ ತಾನಾಗಿಯೇ ಸರಿಯಾಗಿ ಊಹಿಸುತ್ತದೆ.

ಲಿಂಕರ್‌ಗೆ ‘-ಝಡ್ ಡೆಫ್ಸ್’ ಕೂಡ ಸೇರಿಸಿದ್ದೇನೆ. ಇನ್ನು ಸಿಂಬಲ್ ಸಿಗದಿದ್ದರೆ ಲ್ಯಾಪ್‌ಟಾಪಿನಲ್ಲೇ ಬಿಲ್ಡ್ ನಿಲ್ಲುತ್ತದೆ. ಪರೀಕ್ಷೆಗೆ ಹಳೆಯ ಕಾನ್ಫಿಗ್.ಎಚ್ ಇಟ್ಟು ಒಮ್ಮೆ ಬಿಲ್ಡ್ ಮಾಡಿದೆ, ನಿಂತಿತು.

ನಿನ್ನೆ ರಾತ್ರಿ ಒಂದು ದಿನದ ನೀರಿನ ಬಳಕೆಯನ್ನು ಎರಡೂ ಕಡೆ ಓಡಿಸಿ ಹೋಲಿಸಿದೆ. ಟ್ಯಾಂಕಿನ ಮಟ್ಟ ಹತ್ತನೇ ದಶಮಾಂಶದವರೆಗೂ ಒಂದೇ. ಮುಂದಿನ ವಾರ ಪೈ ಅನ್ನು ಟೆರೇಸಿಗೆ ಒಯ್ದು, ಫ್ಲೋಟ್ ಸ್ವಿಚ್ಚಿಗೆ ಜೋಡಿಸಬೇಕು.