ಟಿಕೆಟ್ ಕೌಂಟರ್ ತೆರೆಯುವ ಮೊದಲು ಕೆನ್ರೊಕುಎನ್

ಜಪಾನಿಗೆ ಹೋದವರು ಟೋಕಿಯೊ, ಕ್ಯೋಟೊ ನೋಡಿಕೊಂಡು ವಾಪಸ್ ಬರುವುದೇ ಜಾಸ್ತಿ. ಕ್ಯಾಮೆರಾ ಹುಚ್ಚು ಇದ್ದರೆ ಒಂದು ರಾತ್ರಿ ಕನಜಾವಾದಲ್ಲಿ ಉಳಿಯಿರಿ. 2015ರಿಂದ ಟೋಕಿಯೊದಿಂದ ನೇರ ಶಿಂಕಾನ್ಸೆನ್ (ಬುಲೆಟ್ ರೈಲು) ಇದೆ, ಎರಡೂವರೆಯಿಂದ ಮೂರು ಗಂಟೆ ದಾರಿ. ಅಲ್ಲಿನ ಕೆನ್ರೊಕುಎನ್ ಜಪಾನಿನ ಮೂರು ಹೆಸರಾಂತ ತೋಟಗಳಲ್ಲಿ ಒಂದು. ಮಯೇದಾ ಮನೆತನದ ದೊರೆಗಳು ತಲೆಮಾರುಗಟ್ಟಲೆ ಬೆಳೆಸಿದ್ದು. ಜನರಿಗೆ ತೆರೆದದ್ದು 1874ರಲ್ಲಿ.

ಹಗಲು ಹೋದರೆ ಫೋಟೊದಲ್ಲಿ ಬರೀ ಬೇರೆಯವರ ಬೆನ್ನು. ಆದರೆ ಕೌಂಟರ್ ತೆರೆಯುವ ಮೊದಲು ಪುಕ್ಕಟೆ ಒಳಗೆ ಬಿಡುತ್ತಾರೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಬೆಳಗಿನ 4ಕ್ಕೆ, ನವೆಂಬರ್‌ನಿಂದ ಫೆಬ್ರವರಿವರೆಗೆ 6ಕ್ಕೆ, ಉಳಿದ ತಿಂಗಳು 5ಕ್ಕೆ. ಆಗ ರೆಂಚಿಮೊನ್ ಮತ್ತು ಜುಯಿಶಿನ್‌ಜಾಕಾ ಬಾಗಿಲು ಮಾತ್ರ ತೆರೆದಿರುತ್ತವೆ. ನಾನು ಸುಮ್ನೆ ಮ್ಯಾಪ್ ನಂಬಿಕೊಂಡು ಬೇರೆ ಬಾಗಿಲ ಮುಂದೆ ಹೋಗಿ ನಿಂತಿದ್ದೆ! ಅಷ್ಟು ಹೊತ್ತಿಗೆ ಬಸ್ಸೂ ಇಲ್ಲ. ಸ್ಟೇಷನ್‌ನಿಂದ ಅರ್ಧ ಗಂಟೆ ನಡೆಯಬೇಕು, ಹಾಗಾಗಿ ತೋಟಕ್ಕೆ ಹತ್ತಿರದ ಕೊರಿಂಬೊ ಕಡೆ ರೂಮ್ ಮಾಡುವುದು ಒಳ್ಳೆಯದು.

ಜೂನ್ ಮೊದಲ ವಾರ ಅದು. ನಾಲ್ಕೂವರೆಗೇ ಬೆಳಕು ಹರಿದಿತ್ತು. ಕಸುಮಿಗಾಇಕೆ ಕೆರೆಯ ದಡಕ್ಕೆ ಓಡಿ ಕ್ಯಾಮೆರಾ ತೆಗೆದರೆ ಲೆನ್ಸ್ ತುಂಬಾ ಮಂಜು. ಎಸಿ ರೂಮಿನಿಂದ ನೇರ ತೇವದ ಗಾಳಿಗೆ ತಂದಿದ್ದೆ. ಒರೆಸಿದಷ್ಟೂ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಕಾಲು ಗಂಟೆ ಕೈಕಟ್ಟಿ ಕೂತೆ. ಹೊರಡುವ ಒಂದು ಗಂಟೆ ಮೊದಲೇ ಎಸಿ ಆರಿಸಿ, ಬ್ಯಾಗನ್ನು ಕಿಟಕಿ ಹತ್ತಿರ ಇಡಿ.

ಕೂತದ್ದೂ ಒಳ್ಳೆಯದೇ ಆಯಿತು. ಎದುರಿಗೆ ಕೊತೋಜಿ ಅನ್ನುವ ಕಲ್ಲಿನ ದೀಪದ ಕಂಬ. ಅದಕ್ಕೆ ಎರಡು ಕಾಲು. ಉದ್ದದ್ದು ನೀರಿನಲ್ಲಿ, ಗಿಡ್ಡದ್ದು ದಡದ ಕಲ್ಲಿನ ಮೇಲೆ. ಎಲ್ಲರೂ ಅದರದೊಂದು ಫೋಟೊ ಹೊಡೆದುಕೊಂಡು ಮುಂದೆ ಹೋಗುತ್ತಾರೆ. ನಾನು ಲೆನ್ಸ್ ಒಣಗುವವರೆಗೆ ನೋಡುತ್ತಾ ಇದ್ದೆ. ಗಾಳಿ ನಿಂತಾಗ ನೀರಿನ ಕಾಲು ಕೆಳಗಿನ ನೆರಳಿಗೆ ಕೂಡಿಕೊಂಡು ಎರಡರಷ್ಟು ಉದ್ದ ಕಾಣುತ್ತದೆ. ಒಂದು ಮೀನು ಬಾಲ ಆಡಿಸಿದರೆ ಸಾಕು, ಮುರಿದು ಚೂರಾಗುತ್ತದೆ. ಆ ಎರಡರ ನಡುವಿನ ಗಳಿಗೆಗೆ ಕಾದು ಅಲ್ಲೇ ನಲವತ್ತು ಫೋಟೊ ತೆಗೆದೆ. ಇಟ್ಟುಕೊಂಡದ್ದು ಮೂರು.

ಪೋಲರೈಸರ್ (ಹೊಳಪು ತಗ್ಗಿಸುವ ಲೆನ್ಸ್ ಫಿಲ್ಟರ್) ಇದ್ದರೆ ತೆಗೆದುಕೊಂಡು ಹೋಗಿ. ಒದ್ದೆ ಎಲೆ, ಪಾಚಿಯ ಬಿಳಿ ಹೊಳಪು ಹೋಗಿ ನಿಜವಾದ ಹಸಿರು ಬರುತ್ತದೆ. ಆದರೆ ಕೆರೆ ಕಡೆ ತಿರುಗಿದಾಗ ಬಿಚ್ಚಿಬಿಡಿ, ಇಲ್ಲದಿದ್ದರೆ ಪ್ರತಿಬಿಂಬವನ್ನೂ ತಿಂದುಹಾಕುತ್ತದೆ. ಪಾಚಿಯ ಫೋಟೊ ತೆಗೆಯುವಾಗ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ, ಮೈನಸ್ 0.7 ಸುತ್ತಮುತ್ತ. ಕತ್ತಲೆ ಜಾಸ್ತಿ ಕಂಡರೆ ಕ್ಯಾಮೆರಾ ತಾನೇ ಬೆಳಕು ಸುರಿದು ಹಸಿರನ್ನು ತೆಳ್ಳಗೆ ಮಾಡುತ್ತದೆ. ಟ್ರೈಪಾಡ್ ನಾನು ಒಯ್ಯಲಿಲ್ಲ. ದಾರಿ ಕಿರಿದು, ವಾಕಿಂಗ್ ಬರುವ ಅಜ್ಜ ಅಜ್ಜಿಯರಿಗೆ ಅಡ್ಡ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ಇಟ್ಟರೆ ಕೈಯಲ್ಲೇ ನಡೆಯಿತು.

ಕೆರೆ ಪಕ್ಕದಲ್ಲೇ ಕರಸಾಕಿ ಪೈನ್ ಮರ. 13ನೇ ದೊರೆ ನರಿಯಾಸು ಬಿವಾ ಸರೋವರದ ಕರಸಾಕಿಯಿಂದ ಬೀಜ ತರಿಸಿ ಬೆಳೆಸಿದ್ದಂತೆ. ಗೊನೆ ಬಿಟ್ಟ ಬಾಳೆಗೆ ನಮ್ಮಲ್ಲಿ ಊರುಗೋಲು ಕೊಡುವ ಹಾಗೆ ಕೊಂಬೆಗಳಿಗೆಲ್ಲ ಕಂಬ ಕೊಟ್ಟಿದ್ದಾರೆ. ಒದ್ದೆ ಹಿಮದ ಭಾರಕ್ಕೆ ಕೊಂಬೆ ಮುರಿಯಬಾರದೆಂದು ನವೆಂಬರ್ 1ರಿಂದ ಕಂಬದ ತುದಿಯಿಂದ ಕೊಡೆಯ ಕಡ್ಡಿಗಳ ಹಾಗೆ ಹಗ್ಗ ಕಟ್ಟಲು ಶುರು ಮಾಡುತ್ತಾರೆ. ಬಿಚ್ಚುವುದು ಮಾರ್ಚ್ ಮಧ್ಯದಲ್ಲಿ. ಆ ಹಗ್ಗದ ಕೊಡೆ ಬೇಕಿದ್ದರೆ ಚಳಿಗಾಲಕ್ಕೇ ಹೋಗಬೇಕು.

ಕೊಡೆ ಅಂದಾಗ ನೆನಪಾಯಿತು. ಬುತ್ತಿ ಮರೆತರೂ ಕೊಡೆ ಮರೆಯಬೇಡ ಅನ್ನುವುದು ಆ ಊರಿನ ಮಾತು. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಅಲ್ವಾ? ಐದೂವರೆಗೆ ಹನಿ ಶುರುವಾಯಿತು. ಪಾಚಿ ಮೇಲೆ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದ ಹೆಂಗಸರು ಟೋಪಿ ಸರಿಮಾಡಿಕೊಂಡು ಕೆಲಸ ಮುಂದುವರಿಸಿದರು. ಫೋಟೊ ತೆಗೆಯಲೇ ಎಂದು ಸನ್ನೆಯಲ್ಲಿ ಕೇಳಿದೆ. ಒಬ್ಬರು ನಕ್ಕು ಮುಖದ ಮುಂದೆ ಕೈ ಆಡಿಸಿದರು. ಬೇಡ ಅಂತ. ಕಿತ್ತ ಕಳೆಯ ಬುಟ್ಟಿಯ ಫೋಟೊ ಅಷ್ಟೇ ತೆಗೆದೆ.

ಪುಕ್ಕಟೆ ಒಳಗೆ ಹೋದವರು ಕೌಂಟರ್ ತೆರೆಯುವ ಮಾಮೂಲಿ ಹೊತ್ತಿಗೆ 15 ನಿಮಿಷ ಮೊದಲು ಹೊರಗೆ ಬರಬೇಕು, ಬೇಸಿಗೆಯಲ್ಲಿ ಅಂದರೆ 6:45ಕ್ಕೆ. ನಾನು 7ಕ್ಕೆ 320 ಯೆನ್ ಕೊಟ್ಟು ಮತ್ತೆ ಒಳಗೆ ಹೋದೆ. ಅಕ್ಕಪಕ್ಕದ ಅಂಗಡಿಗಳು ಅಷ್ಟು ಬೇಗ ತೆರೆಯುವುದಿಲ್ಲ, ತಿನ್ನಲು ಏನಾದರೂ ಹಿಂದಿನ ರಾತ್ರಿಯೇ ತಂದಿಟ್ಟುಕೊಳ್ಳಿ.