ಪೊಟ್ಯಾಸಿಯಂ ಒಳ್ಳೆಯದು, ಕಿಡ್ನಿ ಚೆನ್ನಾಗಿದ್ದರೆ

ಅಂಗಡಿಯಲ್ಲಿ ಈಗ ಲೋ ಸೋಡಿಯಂ ಉಪ್ಪು ಅಂತ ಬೇರೆಯೇ ಪ್ಯಾಕೆಟ್ ಸಿಗುತ್ತದೆ. ಬಿಪಿ ಇರುವವರಿಗೆ ಒಳ್ಳೆಯದು ಅಂತ ಯಾರೋ ಹೇಳುತ್ತಾರೆ, ಮಾರನೇ ದಿನದಿಂದ ಮನೆಮಂದಿಗೆಲ್ಲ ಅದೇ ಉಪ್ಪು. ಪ್ಯಾಕೆಟ್ ತಿರುಗಿಸಿ ನೋಡಿದರೆ ಹಿಂದೆ ಸಣ್ಣ ಅಕ್ಷರದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಅಂತ ಇರುತ್ತದೆ. ಸೋಡಿಯಂ ಸ್ವಲ್ಪ ಕಡಿಮೆ ಮಾಡಿ ಆ ಜಾಗಕ್ಕೆ ಪೊಟ್ಯಾಸಿಯಂ ಸೇರಿಸಿದ್ದಾರೆ, ಅಷ್ಟೇ. ಬಹಳ ಜನರಿಗೆ ಇದರಿಂದ ನಿಜಕ್ಕೂ ಅನುಕೂಲವಿದೆ. ಆದರೆ ಕಿಡ್ನಿ ಸೋತವರ ಅಡುಗೆಮನೆಗೆ ಈ ಪ್ಯಾಕೆಟ್ ಹೋಗಬಾರದು. ಇದು ಎಲ್ಲರಿಗೂ ಗೊತ್ತಿರಬೇಕು ಅಂತಲೇ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದರ ಬಗ್ಗೆ. ನಮ್ಮ ಮೈಯಲ್ಲಿರುವ ಪೊಟ್ಯಾಸಿಯಂನಲ್ಲಿ ಶೇಕಡಾ 98ರಷ್ಟು ಜೀವಕೋಶಗಳ ಒಳಗೇ ಇರುತ್ತದೆ. ರಕ್ತದಲ್ಲಿರುವುದು ಚೂರೇ ಚೂರು. ನರ, ಸ್ನಾಯು, ಹೃದಯದ ಬಡಿತ ಎಲ್ಲವೂ ಈ ಒಳಗಿನ ಮತ್ತು ಹೊರಗಿನ ಲೆಕ್ಕದ ಮೇಲೆ ನಿಂತಿವೆ. ಊಟದಲ್ಲಿ ಪೊಟ್ಯಾಸಿಯಂ ಚೆನ್ನಾಗಿದ್ದರೆ ಕಿಡ್ನಿ ಸೋಡಿಯಂ ಅನ್ನು ಜಾಸ್ತಿ ಹೊರಗೆ ಹಾಕುತ್ತದೆ, ರಕ್ತನಾಳಗಳ ಬಿಗಿ ಸಡಿಲವಾಗುತ್ತದೆ, ಬಿಪಿ ಇಳಿಯುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರನ್ನು ಸೇರಿಸಿಕೊಂಡು ಇದನ್ನು ಪರೀಕ್ಷಿಸಿದರು. ಅರ್ಧ ಹಳ್ಳಿಗಳಿಗೆ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು, ಇನ್ನರ್ಧಕ್ಕೆ ಮಾಮೂಲಿ ಉಪ್ಪು. 2021ರಲ್ಲಿ ಫಲಿತಾಂಶ ಬಂತು: ಬೆರಕೆ ಉಪ್ಪು ತಿಂದವರಲ್ಲಿ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆ. ಉಪ್ಪು ಬದಲಿಸಿದ್ದಕ್ಕೇ ಇಷ್ಟು ಅಂದರೆ ಸಣ್ಣ ಮಾತಲ್ಲ. ಆದರೆ ಆ ಅಧ್ಯಯನಕ್ಕೆ ಕಿಡ್ನಿ ಕಾಯಿಲೆ ಜೋರಾಗಿದ್ದವರನ್ನು ಸೇರಿಸಿಯೇ ಇರಲಿಲ್ಲ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಉಪ್ಪಿನ ಬಗ್ಗೆ ಸಲಹೆ ಕೊಟ್ಟಾಗಲೂ ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಮಕ್ಕಳು ಇವರನ್ನು ಅದರಿಂದ ಹೊರಗಿಟ್ಟಿತು. ಸುದ್ದಿ ಒಬ್ಬರಿಂದ ಒಬ್ಬರಿಗೆ ದಾಟುವಾಗ ಈ ಅರ್ಧವೇ ಬಿಟ್ಟುಹೋಗುತ್ತದೆ.

ದೊಡ್ಡವರಿಗೆ ದಿನಕ್ಕೆ ಕಡಿಮೆ ಅಂದರೂ 3510 ಮಿ.ಗ್ರಾಂ ಪೊಟ್ಯಾಸಿಯಂ ಬೇಕು ಅನ್ನುತ್ತದೆ ಅದೇ ಸಂಸ್ಥೆ. ಇದಕ್ಕೆ ಮಾತ್ರೆ, ಪುಡಿ ಏನೂ ಬೇಡ. ಒಂದು ಬಾಳೆಹಣ್ಣಿನಲ್ಲಿ 400ರ ಆಸುಪಾಸು ಇರುತ್ತದೆ. ನಮ್ಮಲ್ಲಿ ಪೊಟ್ಯಾಸಿಯಂ ಅಂದ ಕೂಡಲೇ ಬಾಳೆಹಣ್ಣು ಅಂತಾರೆ, ಆದರೆ ಬೇಳೆಕಾಳುಗಳ ಮುಂದೆ ಅದು ಏನೂ ಅಲ್ಲ. ನೂರು ಗ್ರಾಂ ತೊಗರಿಬೇಳೆಯಲ್ಲಿ ಸಾವಿರ ಮಿ.ಗ್ರಾಂಗಿಂತ ಜಾಸ್ತಿ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ತೀರಾ ಕಡಿಮೆ, ರಾಗಿಯಲ್ಲಿ ಅದರ ಮೂರು ನಾಲ್ಕು ಪಟ್ಟು. ಅಂದರೆ ಮುದ್ದೆ, ಸೊಪ್ಪು, ಕಾಳು, ಮಧ್ಯಾಹ್ನ ಒಂದು ಎಳನೀರು, ಹೀಗೆ ತಿನ್ನುವವರಿಗೆ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಬಿಳಿ ಅನ್ನಕ್ಕೆ ತೆಳ್ಳಗಿನ ತಿಳಿಸಾರು, ರಾತ್ರಿ ಹೊರಗಿಂದ ತರಿಸಿದ್ದು, ಹೀಗೆ ಬದುಕುತ್ತಿರುವ ನಾವು ಯೋಚಿಸಬೇಕು. ವಾಂತಿ ಭೇದಿಯಾದಾಗಲೂ ಪೊಟ್ಯಾಸಿಯಂ ಇಳಿದುಹೋಗುತ್ತದೆ. ಕೈಕಾಲು ಸೋಲುವುದು, ಮೀನಖಂಡ ಹಿಡಿದುಕೊಳ್ಳುವುದು ಅದಕ್ಕೇ ಇರಬಹುದು. ಓಆರ್‌ಎಸ್ ಪುಡಿಯಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುವುದು ಈ ಕಾರಣಕ್ಕೆ.

ಈಗ ಇನ್ನೊಂದು ಕಡೆ. ತಿಂದ ಪೊಟ್ಯಾಸಿಯಂನಲ್ಲಿ ಹೆಚ್ಚುಕಡಿಮೆ ಶೇಕಡಾ 90 ಹೊರಗೆ ಹೋಗುವುದು ಕಿಡ್ನಿ ಮೂಲಕ. ಕಿಡ್ನಿ ಚೆನ್ನಾಗಿದ್ದರೆ ನೀವು ಎಷ್ಟು ಬಾಳೆಹಣ್ಣು ತಿಂದರೂ ಅದು ಸಂಭಾಳಿಸುತ್ತದೆ. ಸೋತ ಕಿಡ್ನಿಗೆ ಆಗುವುದಿಲ್ಲ. ರಕ್ತದಲ್ಲಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಒಳಗೆ ಇರಬೇಕಾದದ್ದು ಆರು ದಾಟಿದರೆ ಹೃದಯದ ಬಡಿತವೇ ತಪ್ಪಬಹುದು. ಹೆದರಿಕೆಯ ವಿಷಯ ಏನೆಂದರೆ ಬಹಳ ಸಲ ಮೊದಲು ಏನೂ ಗೊತ್ತಾಗುವುದಿಲ್ಲ, ನೋವಿಲ್ಲ, ಜ್ವರವಿಲ್ಲ.

ಮಂಡ್ಯ ಕಡೆಯ ನಮ್ಮ ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋತಾಗ ಊಟದ ಪಟ್ಟಿ ಮಾಡಿಕೊಡುವವರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ಕೇಳಿದ ಮೊದಲ ಪ್ರಶ್ನೆ, "ಅಮ್ಮಾ, ಬಸ್ಸಾರು ಮಾಡ್ತೀರಾ?" ದೊಡ್ಡಮ್ಮನ ಮುಖ ಅರಳಿತು. "ವಾರಕ್ಕೆ ಎರಡು ಸಲ ಮಾಡ್ದೇ ಇದ್ರೆ ಹೆಂಗವ್ವಾ." "ಇನ್ಮೇಲೆ ಪಲ್ಯ ಸ್ವಲ್ಪ ತಿನ್ನಿ, ಸಾರು ಬೇಡ." ದೊಡ್ಡಮ್ಮ ಸುಮ್ಮನಾದರು. ಆಮೇಲೆ ನನ್ನ ಕಡೆ ತಿರುಗಿ, "ಸಾರು ಬಿಟ್ರೆ ಅದ್ರಲ್ಲಿ ಇನ್ನೇನೈತೆ?" ಅಂದರು.

ವಿಷಯ ಇರುವುದೇ ಅಲ್ಲಿ. ದಂಟಿನ ಸೊಪ್ಪು ಹೆಚ್ಚಿ, ಅಲಸಂದೆ ಕಾಳೋ ತೊಗರಿಬೇಳೆಯೋ ಹಾಕಿ, ನೀರು ಜಾಸ್ತಿ ಇಟ್ಟು ಬೇಯಿಸಿ ಬಸಿಯುತ್ತೇವೆ. ಪೊಟ್ಯಾಸಿಯಂ ನೀರಿನಲ್ಲಿ ಕರಗುತ್ತದೆ, ಹಾಗಾಗಿ ಬೇಯುವಾಗ ದೊಡ್ಡ ಪಾಲು ಆ ಕಟ್ಟಿಗೆ ಇಳಿದಿರುತ್ತದೆ. ಆ ಕಟ್ಟಿಗೆ ಕಾಯಿ, ಬೆಳ್ಳುಳ್ಳಿ, ಸುಟ್ಟ ಮೆಣಸಿನಕಾಯಿ ರುಬ್ಬಿ ಹಾಕಿ, ಹುಣಸೆಹುಳಿ ಬಿಟ್ಟು ಕುದಿಸಿದರೆ ಬಸ್ಸಾರು. ಸೊಪ್ಪಿನ ಸತ್ವ ಒಂದು ಹನಿಯೂ ಪೋಲಾಗದ ಹಾಗೆ ಮಾಡಿದ ಅಡುಗೆ ಅದು, ಗೇಯುವ ಜನರಿಗೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಕಿಡ್ನಿ ರೋಗಿಗೆ ಮಾತ್ರ ಅದೇ ಕಟ್ಟನ್ನು ಚೆಲ್ಲಬೇಕು. ನಮ್ಮನೆಯಲ್ಲಿ ಈಗ ಉಳಿದವರಿಗೆ ಬಸ್ಸಾರು ಬೇರೆ, ದೊಡ್ಡಮ್ಮನಿಗೆ ಬೇಯಿಸಿ ಬಸಿದ ಪಲ್ಯ ಅಳತೆಯಲ್ಲಿ. ಕುಕ್ಕರಿನಲ್ಲಿ ಬೇಯಿಸಿದರೆ ಈ ಅನುಕೂಲ ಸಿಗುವುದಿಲ್ಲ, ನೀರೆಲ್ಲ ಒಳಗೇ ಇರುತ್ತದಲ್ವಾ. ಆಲೂಗೆಡ್ಡೆಯನ್ನು ಚಿಕ್ಕ ಚಿಕ್ಕ ಹೋಳು ಮಾಡಿ ನೀರಲ್ಲಿ ಬೇಯಿಸಿ ಬಸಿದರೆ ಅರ್ಧದಷ್ಟು ಪೊಟ್ಯಾಸಿಯಂ ಹೋಗುತ್ತದೆ, ತುರಿದು ಬೇಯಿಸಿದರೆ ಇನ್ನೂ ಜಾಸ್ತಿ. ರಾತ್ರಿಯೆಲ್ಲ ತಣ್ಣೀರಲ್ಲಿ ನೆನೆಸಿಟ್ಟರೆ ಸಾಕು ಅಂತ ಕೆಲವರು ಹೇಳುತ್ತಾರೆ, ಬೇಯಿಸದೆ ಬರೀ ನೆನೆಸುವುದರಿಂದ ಅಷ್ಟೇನೂ ಹೋಗುವುದಿಲ್ಲ.

ಇನ್ನು ಎಳನೀರು. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ಗೇಟಿನ ಹತ್ತಿರ ಎರಡು ಎಳನೀರು ಕೆತ್ತಿಸಿಕೊಂಡು ಹೋಗುವುದು ನಮ್ಮ ರೂಢಿ. ಪ್ರೀತಿಯಿಂದಲೇ ತರುತ್ತಾರೆ, ಬೇಡ ಅಂದರೆ ಬೇಜಾರಾಗುತ್ತಾರೆ. ಆದರೆ ಒಂದು ದೊಡ್ಡ ಎಳನೀರಿನಲ್ಲಿ ಎರಡು ಬಾಳೆಹಣ್ಣಿನಷ್ಟು ಪೊಟ್ಯಾಸಿಯಂ ಇರಬಹುದು, ಅದೂ ಗಟಗಟನೆ ಎರಡು ನಿಮಿಷದಲ್ಲಿ ಒಳಗೆ ಹೋಗುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಇದು ತೀರಾ ಅಪಾಯ. ವಾರಕ್ಕೆ ಮೂರು ಸಲ ಮಾಡಿಸುವವರಿಗೆ ಎರಡು ದಿನದ ಬಿಡುವು ಬರುತ್ತದಲ್ಲ, ಆಗ ಪೊಟ್ಯಾಸಿಯಂ ಏರುತ್ತಾ ಹೋಗುತ್ತದೆ, ಎಚ್ಚರ ಜಾಸ್ತಿ ಬೇಕಾಗುವುದು ಆವಾಗಲೇ. ಕಿಡ್ನಿ ರೋಗಿಯನ್ನು ನೋಡಲು ಹೋಗುವವರು ದಯವಿಟ್ಟು ಕೇಳಿಕೊಂಡು ತನ್ನಿ, ಇಲ್ಲ ಬರಿಗೈಯಲ್ಲೇ ಹೋಗಿ ಅರ್ಧ ಗಂಟೆ ಜೊತೆಗೆ ಕೂತು ಬನ್ನಿ.

ಮಾತ್ರೆಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಹೃದಯದ ತೊಂದರೆಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ಇವೆಲ್ಲ ಪೊಟ್ಯಾಸಿಯಂ ಏರಿಸಬಲ್ಲವು. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಅದಕ್ಕೆ ಸೇರುತ್ತವೆ. ಹಾಗಂತ ಬಿಪಿ ಮಾತ್ರೆ ನೀವೇ ನಿಲ್ಲಿಸಬೇಡಿ, ಅದರಲ್ಲಿ ಕೆಲವು ಕಿಡ್ನಿಯನ್ನೇ ಕಾಪಾಡುತ್ತವೆ. ಶುರು ಮಾಡಿದ ಮೇಲೆ ಕೆಲವು ವಾರದೊಳಗೆ ಕ್ರಿಯಾಟಿನೈನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ನಂಬರ್) ಮತ್ತು ಪೊಟ್ಯಾಸಿಯಂ ಟೆಸ್ಟ್ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ಹೊಸ ಉಪ್ಪು ತರುವ ಮೊದಲೂ ಇದೇ ಎರಡು ನಂಬರ್ ನೋಡಿ. ಸಕ್ಕರೆ ಕಾಯಿಲೆ, ಬಿಪಿ ಹಳೆಯದಾಗಿದ್ದರೆ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ನಮಗೇ ಗೊತ್ತಿರುವುದಿಲ್ಲ.

ರಿಪೋರ್ಟಿನಲ್ಲಿ ಒಮ್ಮೆಲೇ 6 ಅಂತ ಬಂದರೆ ಕೆಲವೊಮ್ಮೆ ಅದು ರಕ್ತ ತೆಗೆದ ರೀತಿಯಿಂದಲೂ ಆಗಿರಬಹುದು. ಪಟ್ಟಿ ಬಿಗಿಯಾಗಿ ಕಟ್ಟಿ, ಮುಷ್ಟಿ ಹಿಡಿದು ಬಿಟ್ಟು ಮಾಡಿಸಿ, ಕಷ್ಟಪಟ್ಟು ಎಳೆದ ರಕ್ತದಲ್ಲಿ ಕೈಯ ಸ್ನಾಯುಗಳಿಂದಲೋ ಒಡೆದ ರಕ್ತಕಣಗಳಿಂದಲೋ ಪೊಟ್ಯಾಸಿಯಂ ಹೊರಗೆ ಬಂದಿರುತ್ತದೆ. ಆದರೆ ಅದು ಹಾಗೇ ಇರಬಹುದು ಅಂತ ಮನೆಯಲ್ಲಿ ಕೂರಬೇಡಿ. ಅವತ್ತೇ ಹೋಗಿ ಇಸಿಜಿ ಮಾಡಿಸಿ, ರಕ್ತ ಇನ್ನೊಮ್ಮೆ ಕೊಡಿ. ನಿಜವಾಗಿಯೂ ಏರಿದ್ದರೆ ಹೃದಯ ಕಾಪಾಡಲು ಕ್ಯಾಲ್ಸಿಯಂ ಇಂಜೆಕ್ಷನ್, ಪೊಟ್ಯಾಸಿಯಂ ಅನ್ನು ಜೀವಕೋಶದೊಳಗೆ ತಳ್ಳಲು ಗ್ಲೂಕೋಸ್ ಜೊತೆ ಇನ್ಸುಲಿನ್ ಕೊಡುತ್ತಾರೆ, ಬೇಕಾದರೆ ಡಯಾಲಿಸಿಸ್ ಮಾಡುತ್ತಾರೆ. ಬೇಗ ಹೋದಷ್ಟೂ ಇವೆಲ್ಲ ಚೆನ್ನಾಗಿ ಕೆಲಸ ಮಾಡುತ್ತವೆ.